ಎಷ್ಟು ಸೆಕೆಂಡು?

ಕೊಟ್ರೇಶ್ ತನ್ನ ಅಣ್ಣ ಲಿಂಗಣ್ಣನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ಜಾರದಂತೆ ಎದೆಗೆ ಪಂಚೆ ಸುತ್ತುತ್ತಿದ್ದ. ಹಂಪಮ್ಮ ಆ ಕಡೆ ನೋಡದೆ, ಮೊಳೆಗೆ ನೇತುಹಾಕಿದ್ದ ಗಂಡನ ಅಂಗಿಯ ಜೇಬಿಗೆ ಕೈಹಾಕಿದಳು. ಫೋನು ಸಿಕ್ಕಿತು. ಸಿಕ್ಕಿದ್ದೇ ಟಿಂಗ್ ಅಂದಿತು.

"ಸತ್ತ ದಿನಾನಾದ್ರೂ ಬಿಡ್ಬಾರ್ದಾ ಅವ್ಳು?" ಎಂದಳು.

"ಮೆತ್ತಗೆ ಅತ್ತಿಗೆ, ಜನ ಅವ್ರೆ," ಎಂದ ಮೈದುನ.

ಲಿಂಗಣ್ಣ ಕಲ್ಯಾಣದುರ್ಗದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಲ್ಯಾಬ್ ಅಟೆಂಡರ್ ಆಗಿದ್ದವನು. ರಿಟೈರಾಗಿ ಹಿಂದೂಪುರಕ್ಕೆ ಬಂದಮೇಲೂ ತಿಂಗಳಿಗೊಮ್ಮೆ ಅಲ್ಲಿಗೆ ಬಸ್ಸು ಹತ್ತುತ್ತಿದ್ದ. ಕೇಳಿದರೆ 'ಕೆಲ್ಸ ಐತೆ' ಅಷ್ಟೇ. ಫೋನು ಟಿಂಗ್ ಅಂದರೆ ಉಣ್ಣುವ ತಟ್ಟೆ ಬಿಟ್ಟು ಮಾಳಿಗೆ ಹತ್ತುವನು. ಮೇಲೆ ಪಿಸುಪಿಸು ಮಾತು. ಹಾಸಿಗೆಯಡಿ ಸಿಕ್ಕ ನೋಟ್‌ಬುಕ್ಕಿನಲ್ಲಿ ತಾರೀಖು, ಸೆಕೆಂಡು, ಪಕ್ಕದಲ್ಲಿ ಸುಷ್ಮಾ ಅನ್ನುವ ಹೆಸರು. ಯಾರವಳು ಅಂತ ಐದು ವರ್ಷದಿಂದ ಹಂಪಮ್ಮ ಕೇಳಬೇಕೆಂದಿದ್ದಳು. ಕೇಳುವ ಮೊದಲೇ ಮನುಷ್ಯ ಹೊರಟುಬಿಟ್ಟ. ನೋಟ್‌ಬುಕ್ಕು, ಫೋನು ಎರಡನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳೂ ಮಣ್ಣಿಗೆ ಹೊರಟಳು.

*

ಗುಣಿಯಲ್ಲಿ ಲಿಂಗಣ್ಣನನ್ನು ಕೂರಿಸಿ, ಅಂಗೈಗೆ ಲಿಂಗವಿಟ್ಟಾಗಿತ್ತು. ಮಣ್ಣು ಮುಚ್ಚುವ ಮುಂಚೆ ಬೇಕಾದವರೆಲ್ಲ ಬಿಲ್ವಪತ್ರೆ ಹಾಕಬೇಕು. ಪತ್ರೆ, ವಿಭೂತಿಯ ತಟ್ಟೆ ಹಂಪಮ್ಮನ ಕೈಯಲ್ಲಿತ್ತು. ಆಟೋ ಇಳಿದು ಓಡಿಬಂದ ನಡುವಯಸ್ಸಿನ ಹೆಂಗಸೊಬ್ಬಳು ಕೈಚಾಚಿದಳು.

"ಎವರಮ್ಮಾ ನುವ್ವು?" ಕೊಟ್ರೇಶ್ ತೆಲುಗಿನಲ್ಲಿ ಕೇಳಿದ.

"ಸುಷ್ಮಾ. ಕಲ್ಯಾಣದುರ್ಗದಲ್ಲಿ ಫಿಸಿಕ್ಸ್ ಲೆಕ್ಚರರ್."

ಹಂಪಮ್ಮ ತಟ್ಟೆಯನ್ನು ಹಿಂದಕ್ಕೆಳೆದುಕೊಂಡು ನೋಟ್‌ಬುಕ್ಕು ತೆಗೆದಳು. "ಇದೇನು ಅಂತ ಹೇಳು. ಆಮೇಲೆ ಪತ್ರೆ."

ಸುಷ್ಮಾ ಕಣ್ಣೊರೆಸಿಕೊಂಡಳು. "ಆಕಾಶದಲ್ಲಿ ಗಾಮಾ ಕಿರಣ ಸಿಡೀತದೆ ಕಣಮ್ಮ. ಉಪಗ್ರಹ ಕಂಡ್ಕೊಂಡ್ರೆ ಫೋನಿಗೆ ಸುದ್ದಿ ಬತ್ತದೆ. ಎರಡು ಸೆಕೆಂಡಿನೊಳಗೆ ಮುಗುದ್ರೆ, ಎರಡು ಸತ್ತ ನಕ್ಷತ್ರ ಒಂದನ್ನೊಂದು ಸುತ್ತಿ ಸುತ್ತಿ ಡಿಕ್ಕಿ ಹೊಡ್ದಿರೋದು. ಜಾಸ್ತಿ ಹೊತ್ತಿದ್ರೆ, ಒಂದು ದೊಡ್ಡ ನಕ್ಷತ್ರ ಕುಸುದಿರೋದು. ನಾನು ಹಂಗೇ ಪಾಠ ಮಾಡ್ತಿದ್ದೆ. ಲಿಂಗಣ್ಣಗಾರಿಗೆ ಅನುಮಾನ. ಜಾಸ್ತಿ ಹೊತ್ತು ಇದ್ದದ್ದೆಲ್ಲ ಒಂಟಿ ನಕ್ಷತ್ರದ್ದೇ ಅಂತ ಹೆಂಗೆ ನಂಬ್ತೀಯಮ್ಮ ಅನ್ನೋರು. ಸುದ್ದಿ ಬಂದಾಗೆಲ್ಲ ನಂಗೆ ಫೋನ್ ಮಾಡಿ ಎಷ್ಟು ಸೆಕೆಂಡು ಅಂತ ಕೇಳಿ, ನನ್ನ ಹೆಸರಿನ ಜೊತೆ ಬರ್ಕೊಳ್ಳೋರು."

"ನಂಬಬ್ಯಾಡ ಅತ್ತಿಗೆ, ಕತೆ ಕಟ್ತಾವ್ಳೆ," ಎಂದ ಕೊಟ್ರೇಶ್.

"ಇಪ್ಪತ್ತೊಂದರ ಡಿಸೆಂಬರ್‌ನಲ್ಲಿ ಒಂದು ಬಂತು, ಐವತ್ತು ಸೆಕೆಂಡು. ಅದು ಜೋಡೀದೇ ಇರಬೇಕು ಅಂತ ಆಮೇಲೆ ವಿಜ್ಞಾನಿಗಳೇ ಬರೆದ್ರು. ಅದನ್ನ ಓದಿದೇಟಿಗೆ ಲಿಂಗಣ್ಣಗಾರು ಡಬ್ಬಿ ತುಂಬ ಕಡ್ಲೆಬೀಜದ ಉಂಡೆ ತಂದು ಲ್ಯಾಬಿಗೆಲ್ಲ ಹಂಚಿದ್ರು. ನಮ್ಮನೆಯೋರು ಮಾಡಿದ್ದು ಅಂದ್ರು."

ಆ ಡಬ್ಬಿ ಯಾರ ಮನೆ ಸೇರಿತೆಂದು ಹಂಪಮ್ಮ ವಾರವೆಲ್ಲ ಕುದ್ದಿದ್ದಳು.

"ನನಗ್ಯಾಕೆ ಹೇಳ್ಲಿಲ್ಲ?"

ಸುಷ್ಮಾ ತಲೆತಗ್ಗಿಸಿದಳು. "ಒಂದ್ಸಲ ಹೇಳಿದ್ದೆ ಅನ್ನೋರು."

*

ಹೇಳಿದ್ದ. ಆವತ್ತು ಹಂಪಮ್ಮ ಜಗಲಿಯಲ್ಲಿ ಕಡ್ಲೆಕಾಯಿ ಸುಲಿಯುತ್ತಿದ್ದಳು. ಲಿಂಗಣ್ಣ ಪೇಪರಿನ ತುಣುಕು ಹಿಡಿದು ಬಂದು, ಮಗ್ಗುಲಲ್ಲೇ ಕೂತು, ಎರಡು ನಕ್ಷತ್ರ ಡಿಕ್ಕಿ ಹೊಡೆದ ಸುದ್ದಿ ಓದತೊಡಗಿದ. ಅವಳು ನಕ್ಕುಬಿಟ್ಟಳು. "ಗಾಜಿನ ಲೋಟ ತೊಳೆಯೋರಿಗೆ ನಕ್ಷತ್ರದ ಉಸಾಬರಿ ಯಾಕ್ರೀ?" ಅಷ್ಟಕ್ಕೇ ಬಿಡದೆ ಪಕ್ಕದ ಮನೆ ಸಣ್ಣಕ್ಕನನ್ನು ಕೂಗಿ ಅದನ್ನೇ ಹೇಳಿದಳು. ಇಬ್ಬರೂ ನಕ್ಕರು. ಲಿಂಗಣ್ಣನೂ ನಕ್ಕ. ತುಣುಕನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಎದ್ದುಹೋದ. ಮತ್ತೆಂದೂ ಆ ಮಾತು ಎತ್ತಲಿಲ್ಲ.

*

ಟಿಂಗ್ ಅಂದಿತು. ಹಂಪಮ್ಮನ ಸೊಂಟದಲ್ಲಿದ್ದ ಫೋನೂ, ಸುಷ್ಮಾಳ ಬ್ಯಾಗಿನಲ್ಲಿದ್ದ ಫೋನೂ, ಎರಡೂ ಒಟ್ಟಿಗೆ.

ಕೊಟ್ರೇಶ್ ಇಬ್ಬರ ಮುಖವನ್ನೂ ನೋಡಿ ಪಕ್ಕಕ್ಕೆ ಸರಿದ. ಹಂಪಮ್ಮ ತಟ್ಟೆ ಮುಂದೆ ಮಾಡಿದಳು. ಸುಷ್ಮಾ ಪತ್ರೆ ಹಾಕಿ ಕೈಮುಗಿದಳು.

"ಪೆನ್ನು ಐತಾ?" ಹಂಪಮ್ಮ ಕೇಳಿದಳು. ತಟ್ಟೆ ಕೆಳಗಿಟ್ಟು ನೋಟ್‌ಬುಕ್ಕು ಬಿಡಿಸಿ, ಗಂಡನ ಕೊನೆಯ ಸಾಲಿನ ಕೆಳಗೆ ಆ ದಿನದ ತಾರೀಖು ಬರೆದಳು. "ಎಷ್ಟು ಸೆಕೆಂಡು?"

"ಇನ್ನೂ ಗೊತ್ತಿಲ್ಲಮ್ಮ. ಲೆಕ್ಕ ಹಾಕಿ ಆಮೇಲೆ ಕಳಿಸ್ತಾರೆ."

ಹಂಪಮ್ಮ ಗುಣಿಯತ್ತ ಬಗ್ಗಿದಳು. "ಇನ್ನೊಂದು ಬಂತು ಕಣ್ರೀ," ಎಂದಳು. ಸೆಕೆಂಡಿನ ಜಾಗ ಖಾಲಿ ಬಿಟ್ಟು ಪುಸ್ತಕ ಮುಚ್ಚುವಾಗ, ಆ ಖಾಲಿಯಲ್ಲಿ ಅವಳ ಹೆಬ್ಬೆರಳಿನ ವಿಭೂತಿ ಬೆಳ್ಳಗೆ ಮೂಡಿತ್ತು.