ಮಷೀನಿಗೆ ಎಷ್ಟು ಕರೆಂಟು ಬೇಕು

ಮೂವತ್ತು ವರ್ಷ ನಾವು ಯಜಮಾನರ ವರ್ಕ್‌ಶಾಪಿನ ಮೇಲೆಯೇ ಸಂಸಾರ ಮಾಡಿದೆವು. ಅವರ ವೆಲ್ಡಿಂಗ್ ಮಷೀನಿನ ಗುಂಯ್ ಸದ್ದಿಗೆ ದಿನವೂ ಬೈದವಳು ನಾನೇ. ಅವರು ಹೋದ ಮೇಲೆ ಈ ಎರಡು ಕೋಣೆಯ ಮನೆಗೆ ಬಂದೆ, ಮಷೀನನ್ನೂ ತಂದೆ. ಒಂದೇ ಒಂದು ಸಲ ಆ ಸದ್ದು ಕೇಳಬೇಕೆಂದು ಜೀವ ಒದ್ದಾಡುತ್ತಿತ್ತು.

ಮೈದುನ ಬಾಗಿಲಲ್ಲಿ ಟೆಂಪೋ ನಿಲ್ಲಿಸಿಕೊಂಡೇ ಬಂದಿದ್ದ. ಅವನ ಶೆಡ್ಡಿನ ಮಷೀನು ಸುಟ್ಟುಹೋಗಿತ್ತು. ಇಲ್ಲಿ ಓಡಿದರೆ ನನಗೆ, ಓಡದಿದ್ದರೆ ಅವನಿಗೆ ಎಂದು ಮಾತಾಗಿತ್ತು.

ವೋಲ್ಟು, ಆಂಪು ಬರೆದಿದ್ದ ತಗಡು ಸವೆದು ನುಣ್ಣಗಾಗಿತ್ತು. ನಾನು ಕರೆಸಿದ್ದ ಎಲೆಕ್ಟ್ರಿಷಿಯನ್ ಕೇಬಲ್ಲಿನ ತುದಿ ನೋಡಿದ. "ಮೂರು ವೈರಿದೆ. ತ್ರೀ ಫೇಸ್ ಅಮ್ಮ. ನಿಮ್ಮನೇಲಿ ಓಡಲ್ಲ."

"ನೋಡಿದ್ರಾ ಅತ್ತಿಗೆ?" ಎಂದು ಮೈದುನ ತೋಳು ಮಡಚಿದ.

ನನಗೆ ಮೈಯೆಲ್ಲ ಉರಿಯಿತು. "ಮೂರು ವೈರಿದ್ರೆ ಮೂರು ಫೇಸಾ? ಒಂದು ಅರ್ತಿಂಗ್ ಇರಬಹುದಲ್ಲ? ಮೊದಲು ಮುಚ್ಚಳ ಬಿಚ್ಚಪ್ಪ!"

ಬಿಚ್ಚಿದ. ಹಸಿರು ವೈರು ಮಷೀನಿನ ಮೈಗೇ ಬೋಲ್ಟಾಗಿತ್ತು. ಉಳಿದದ್ದು ಎರಡು: ಒಂದು ಸೊನ್ನೆಗೆ, ಇನ್ನೊಂದು 415ಕ್ಕೆ. ಪಕ್ಕದಲ್ಲೇ 230 ಎಂಬ ಗುರುತಿನ ಬೋಲ್ಟು ಖಾಲಿಯಿತ್ತು.

ಎಲೆಕ್ಟ್ರಿಷಿಯನ್ ತಲೆ ಕೆರೆದುಕೊಂಡ. "ನೀವೇ ಸರಿ. ಇದು ಎರಡು ಫೇಸಿಂದು. 230ಕ್ಕೆ ಬದಲಾಯಿಸಿದ್ರೆ ಇಲ್ಲೂ ಓಡುತ್ತೆ. ಆದ್ರೆ ಕರೆಂಟು ಹೆಚ್ಚುಕಮ್ಮಿ ಎರಡರಷ್ಟು ಎಳೆಯುತ್ತೆ. ರಾಡು ಕಬ್ಬಿಣಕ್ಕೆ ಮುಟ್ಟಿಸಿ ವೆಲ್ಡ್ ಮಾಡಿದ್ರೆ ನಿಮ್ಮ ವೈರಿಂಗ್ ತಡೆಯಲ್ಲ. ಸುಮ್ಮನೆ ಆನ್ ಇಟ್ಟುಕೊಳ್ಳಬಹುದು, ಅಷ್ಟೇ."

"ನನಗೆ ಅಷ್ಟೇ ಸಾಕು."

ವೈರು ಬದಲಾಯಿತು. ಸ್ವಿಚ್ ಒತ್ತಿದೆ. ಗುಂಯ್ ಎಂದಿತು. ನನ್ನ ಕಾಲಡಿಯ ನೆಲ ಸಣ್ಣಗೆ ನಡುಗಿತು. ಕೆಳಗೆ ಅವರು ಕೆಲಸ ಮಾಡುತ್ತಿದ್ದಾರೆ, ಇನ್ನೇನು ಕಾಫಿಗೆ ಕೂಗುತ್ತಾರೆ ಅನ್ನಿಸಿತು. ನಾನು ಮುಚ್ಚುಮರೆಯಿಲ್ಲದೆ ಅತ್ತೆ. ಮೈದುನ ಬಾಗಿಲ ಕಡೆ ತಿರುಗಿ ನಿಂತ. ಪಾಪ, ಅವನಿಗೂ ಅಣ್ಣನಲ್ಲವೆ?

ಐದು ನಿಮಿಷ, ಹತ್ತು ನಿಮಿಷ. ಮಷೀನು ಗುಂಯ್‌ಗುಡುತ್ತಲೇ ಇತ್ತು. ಒಂದು ಕಿಡಿ ಇಲ್ಲ, ಕಬ್ಬಿಣಕ್ಕೆ ಕಬ್ಬಿಣ ಕೂಡಲಿಲ್ಲ. ಕೈಯಲ್ಲಿ ಕೆಲಸವಿಲ್ಲದೆ ಅರ್ಧ ಗಂಟೆ ಕೂತರೆ ಸಿಡಿಮಿಡಿ ಎನ್ನುತ್ತಿದ್ದ ಮನುಷ್ಯ ಅವರು. ಅವರ ಮಷೀನನ್ನು ನಾನು ಹೀಗೆ ಕೂರಿಸಿದ್ದೆ.

ನಾನೇ ಸ್ವಿಚ್ ಆರಿಸಿದೆ. ಮನೆ ಬಿಕೋ ಎಂದಿತು.

"ಅತ್ತಿಗೆ, ಬೇಡ. ಇಟ್ಟುಕೊಳ್ಳಿ. ನೀವೇ ಗೆದ್ದಿರಿ," ಎಂದ ಮೈದುನ.

ನಾನು ಎಲೆಕ್ಟ್ರಿಷಿಯನ್ ಕಡೆ ತಿರುಗಿ, "ವೈರು ಮತ್ತೆ 415ಕ್ಕೇ ಹಾಕಪ್ಪ," ಎಂದೆ. "230ರಲ್ಲೇ ಬಿಟ್ರೆ ಇವನ ಶೆಡ್ಡಿಗೆ ಹೋಗಿ ಸುಟ್ಟುಗಿಟ್ಟು ಹೋದೀತು."