ಒಂಟೆಯಕ್ಕನ ಗುಟ್ಟಿನ ನಲ್ಲಿ

'ನೀರು ಕುಡಿದಷ್ಟು ಸುಲಭ' ಅನ್ನೋ ಮಾತನ್ನು ಮೊದಲು ಆಡಿದವರು ಯಾರೋ ಗೊತ್ತಿಲ್ಲ. ರಸ್ತೆ ಗುಡಿಸುವವರಂತೂ ಅಲ್ಲ. ಬೆಳಗ್ಗೆ ಐದಕ್ಕೆ ಹಾಜರಿ ಹಾಕಿ, ಮಧ್ಯಾಹ್ನ ಒಂದರವರೆಗೆ ಬಿಸಿಲಲ್ಲಿ ಪೊರಕೆ ಹಿಡಿಯುವ ಹೆಂಗಸರಿಗೆ ನೀರು ಕುಡಿಯುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಮನೆಯಿಂದ ತಂದ ಬಾಟಲಿ ಎಂಟು ಗಂಟೆಗೇ ಖಾಲಿ. ಮತ್ತೆ ತುಂಬಿಸಿಕೊಳ್ಳೋಣ ಅಂದರೆ ಅಂಗಡಿಯವನು ಕೊಂಡುಕೊ ಅನ್ನುತ್ತಾನೆ, ಮನೆ ಬಾಗಿಲಲ್ಲಿ ನಿಂತರೆ ಮೊದಲು ಪೊರಕೆ ನೋಡುತ್ತಾರೆ, ಆಮೇಲೆ ಮುಖ. ಹೇಗೋ ಕುಡಿದರೂ ಪೀಕಲಾಟ ತಪ್ಪುವುದಿಲ್ಲ. ಆಮೇಲೆ ಮೂತ್ರಕ್ಕೆ ಹೋಗುವುದೆಲ್ಲಿಗೆ?

ಊರಿನ ಒಂದು ವಾರ್ಡಿನಲ್ಲಿ ಈ ಕಷ್ಟವನ್ನು ಗೆದ್ದವಳು ಒಬ್ಬಳಿದ್ದಾಳೆ ಅಂತ ಹೆಸರಾಗಿತ್ತು. ಎಲ್ಲರೂ ಅವಳನ್ನು ಒಂಟೆಯಕ್ಕ ಅನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಕೆಲಸದ ಹೊತ್ತಿಗೆ ಅವಳು ಒಂದು ಗುಟುಕು ನೀರು ಕುಡಿದದ್ದನ್ನು ಕಂಡವರಿಲ್ಲ. ಬಾಟಲಿಯನ್ನೇ ತರುತ್ತಿರಲಿಲ್ಲ. ಹೊಸಬರು ಸೇರಿದರೆ ಅವಳೇ ಪಾಠ ಹೇಳುವವಳು: ಸಮವಸ್ತ್ರದ ಕೋಟಿನ ಗುಂಡಿ ಒಂದನ್ನು ಕಿತ್ತು ನಾಲಿಗೆ ಕೆಳಗಿಟ್ಟುಕೋ, ಬಾಯಿ ಒದ್ದೆಯಾಗುತ್ತೆ, ದಾಹ ಮರೆಯುತ್ತೆ. ಯಾರಾದರೂ ನೀರು ನೀರು ಅಂದರೆ ಮೇಸ್ತ್ರಿ ಇವಳ ಕಡೆಗೇ ಬೆರಳು ತೋರಿಸುತ್ತಿದ್ದ. ಅವನು ಆಚೆ ಹೋದ ಮೇಲೆ ಒಂಟೆಯಕ್ಕ ಹೊಟ್ಟೆ ಮುಂದೆ ಚಾಚಿ, ಮೂಗಿನಲ್ಲೇ ಮಾತಾಡುತ್ತಾ, "ನೋಡ್ರೀ ಆಯಮ್ಮನ್ನ, ಮನುಷ್ಯಳಾ ಅದು, ಮರುಭೂಮಿ" ಅಂತ ಅವನನ್ನೇ ಅಣಕಿಸಿ ನಗಿಸುತ್ತಿದ್ದಳು.

ನಿಜ ಏನೆಂದರೆ ಒಂಟೆಯಕ್ಕ ನೀರು ಕುಡಿಯುತ್ತಿದ್ದಳು.

ಅವಳು ಗುಡಿಸುವ ಬೀದಿಗಳ, ಅಂದರೆ ಅವಳ ಬೀಟಿನ, ಕೊನೆಯಲ್ಲಿ ಒಂದು ಲೈಬ್ರರಿ. ಅದರ ಹಿಂದೆ, ಕಾಂಪೌಂಡಿಗೂ ಜನರೇಟರ್ ಶೆಡ್ಡಿಗೂ ನಡುವಿನ ಸಂದಿಯಲ್ಲಿ, ಮೊಣಕಾಲೆತ್ತರಕ್ಕೆ ಒಂದು ಹಿತ್ತಾಳೆ ನಲ್ಲಿ. ಕುಡಿಯುವ ನೀರಿನ ಲೈನೇ. ಏಳೂವರೆಗೊಮ್ಮೆ, ಹನ್ನೊಂದಕ್ಕೊಮ್ಮೆ ಎಲೆ ಗುಡಿಸುವ ನೆಪದಲ್ಲಿ ಸಂದಿಗೆ ನುಗ್ಗಿ, ಬೊಗಸೆಯೊಡ್ಡಿ ಹೊಟ್ಟೆ ತುಂಬ ಕುಡಿದು, ಸೆರಗಲ್ಲಿ ಬಾಯೊರೆಸಿಕೊಂಡು ಏನೂ ಆಗದವಳಂತೆ ಹೊರಗೆ ಬರುತ್ತಿದ್ದಳು. ವಂಚನೆ ಅಂತ ಅವಳಿಗೆ ಅನ್ನಿಸಿರಲಿಲ್ಲ. ಗುಡಿಸುವವರಲ್ಲಿ ಒಂದು ಹಳೇ ಕಟ್ಟಳೆ ಇತ್ತು: ಸಿಕ್ಕ ನಲ್ಲಿಯನ್ನು ಯಾರಿಗೂ ಹೇಳಬಾರದು. ಒಬ್ಬಳು ಕುಡಿದರೆ ಕಾವಲುಗಾರ ಕಣ್ಣು ಮುಚ್ಚಿಕೊಳ್ಳುತ್ತಾನೆ. ಹತ್ತು ಜನ ಕುಡಿದರೆ ಬೀಗ ಹಾಕುತ್ತಾನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಾಯಿ ತಡೆಯದೆ ಒಂದು ನಲ್ಲಿಯ ಸುದ್ದಿ ಹೇಳಿ, ವಾರದೊಳಗೆ ಅದಕ್ಕೆ ಬೀಗ ಬಿದ್ದು, ಎಲ್ಲರಿಂದ ಉಗಿಸಿಕೊಂಡಿದ್ದಳು. ಆಮೇಲೆ ಸಿಕ್ಕಿದ್ದೇ ಲೈಬ್ರರಿಯ ನಲ್ಲಿ. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಸೊಸೆಗೂ ಹೇಳಲಿಲ್ಲ.

ಸೊಸೆ ಕೆಲಸಕ್ಕೆ ಸೇರಿ ಆರು ವರ್ಷ. ಅವಳ ಬೀಟು ಲೈಬ್ರರಿಯಿಂದ ಮೂರು ನಿಮಿಷದ ದಾರಿ. ಅತ್ತೆ ಹಾಕಿದ ಗೆರೆ ದಾಟದ ಹುಡುಗಿ. ಅತ್ತೆ ಕೊಟ್ಟ ಗುಂಡಿಯನ್ನೇ ನಾಲಿಗೆ ಕೆಳಗಿಟ್ಟುಕೊಂಡು ಆರು ಬೇಸಿಗೆ ಗುಡಿಸಿದಳು. ಉರಿಮೂತ್ರ ಆದಾಗ ಸಂಕೋಚಪಟ್ಟು ಸುಮ್ಮನಾದಳು, ಸೊಂಟನೋವು ಬಂದಾಗ ಅಂಗಡಿಯ ಮಾತ್ರೆ ನುಂಗಿದಳು. ಈ ವರ್ಷ ಕಾಲು ಊದಿತು, ಮುಖ ಊದಿತು, ಒಂದು ದಿನ ಕಸದ ಗಾಡಿಯ ಮೇಲೇ ಕುಸಿದಳು.

ಆಸ್ಪತ್ರೆಯ ಡಾಕ್ಟರು ಪರೀಕ್ಷೆಯ ಚೀಟಿಗಳನ್ನು ಎರಡೆರಡು ಸಲ ನೋಡಿದರು. ಬಿಸಿಲಲ್ಲಿ ನೀರಿಲ್ಲದೆ ದುಡಿದದ್ದು, ಮತ್ತೆ ಮತ್ತೆ ಬಂದ ಸೋಂಕು, ಮೇಲಿಂದ ಮೇಲೆ ನುಂಗಿದ ನೋವಿನ ಮಾತ್ರೆ, ಎಲ್ಲ ಸೇರಿ ಎರಡೂ ಕಿಡ್ನಿ ಸೊರಗಿಸಿವೆ ಅಂದರು. ಹೋದದ್ದು ಬರುವುದಿಲ್ಲ, ಉಳಿದದ್ದು ಎಷ್ಟು ದಿನ ಅಂತ ಈಗಲೇ ಹೇಳಲಾಗದು ಅಂದರು. ಕೆಲಸದ ಹೊತ್ತಿಗೆ ನೀರೇ ಕುಡಿಯುತ್ತಿರಲಿಲ್ಲವಾ ಅಂತ ಕೇಳಿದಾಗ ಸೊಸೆ ಆ ಊದಿದ ಮುಖದಲ್ಲೂ ಸ್ವಲ್ಪ ಹೆಮ್ಮೆ ತಂದುಕೊಂಡಳು.

"ನಮ್ಮತ್ತೆನೂ ಕುಡಿಯಲ್ಲ ಡಾಕ್ಟ್ರೇ. ಇಪ್ಪತ್ತೆರಡು ವರ್ಷ ಆಯ್ತು. ಗುಂಡುಕಲ್ಲಿನ ಹಾಗಿದಾರೆ ನೋಡಿ."

ಡಾಕ್ಟರು ಅತ್ತೆಯ ಕಡೆ ನೋಡಿದರು. ಅತ್ತೆ ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡಿದಳು.

ಮುಂದಿನ ವಾರ ಹಾಜರಿ ಕೋಣೆಗೆ ಆರೋಗ್ಯ ಕೇಂದ್ರದ ನರ್ಸಮ್ಮ ಬಂದಳು. ಸೊಸೆಯ ಸುದ್ದಿ ಕೇಳಿಯೇ ಬಂದಿದ್ದಳು. ಪೊರಕೆಗಳನ್ನು ಬದಿಗೆ ಸರಿಸಿ ಮೇಜಿನ ಮೇಲೆ ದೊಡ್ಡದೊಂದು ಹಾಳೆ ಹಾಸಿದಳು. ವಾರ್ಡಿನ ನಕ್ಷೆ. ಅಲ್ಲಲ್ಲಿ ನೀಲಿ ಚುಕ್ಕೆ, ಒಟ್ಟು ಹದಿನಾಲ್ಕು. ಜನ ಬಾಟಲಿ ತುಂಬಿಸಿಕೊಳ್ಳುವ ಜಾಗಗಳು ಅಂತ ಕಚೇರಿಯಲ್ಲಿ ಕೂತು ಗುರುತು ಹಾಕಿದ್ದಂತೆ. ಅವು ನಿಜವೋ ಸುಳ್ಳೋ ಬೀದಿ ಬಲ್ಲವರೇ ಹೇಳಬೇಕು. ಸರಿಯಾದ ನಕ್ಷೆ ಫೋನಿಗೂ ಬರುತ್ತೆ, ಬಸ್ ನಿಲ್ದಾಣದ ಬೋರ್ಡಿಗೂ ಬರುತ್ತೆ. ಪಾರ್ಸಲ್ ಹೊರುವವನು, ಗಾಡಿ ತಳ್ಳುವವನು, ಶಾಲೆಯಿಂದ ನಡೆದು ಬರುವ ಮಗು, ಯಾರು ಬೇಕಾದರೂ ನೋಡಿಕೊಳ್ಳಬಹುದು ಅಂದಳು. ಒಂದೊಂದು ಚುಕ್ಕೆಗೂ ಕೇಳಬೇಕಾದ್ದು ಇಷ್ಟೇ: ನೀರು ಬರುತ್ತಾ, ಯಾವ ಹೊತ್ತಿಗೆ, ಎಲ್ಲರನ್ನೂ ಬಿಡುತ್ತಾರಾ, ಗಾಲಿಕುರ್ಚಿಯಲ್ಲಿ ಬಂದವರ ಕೈಗೂ ಎಟಕುತ್ತಾ.

ಒಂಟೆಯಕ್ಕ ಕತ್ತು ಓರೆ ಮಾಡಿ, ನರ್ಸಮ್ಮನ ಮೆತ್ತಗಿನ ದನಿಯನ್ನೇ ಎರವಲು ತೆಗೆದುಕೊಂಡು, "ನಕ್ಷೆ ನೆಕ್ಕಿದ್ರೆ ದಾಹ ಹೋಗುತ್ತಾ ಸಿಸ್ಟರ್?" ಅಂದಳು. ಕೋಣೆ ನಕ್ಕಿತು. ನರ್ಸಮ್ಮನೂ ನಕ್ಕಳು. ಯಾರೋ ಹಿಂದಿನಿಂದ ಹಳೇ ಕಟ್ಟಳೆ ನೆನಪಿಸಿದರು: ಹೇಳಿದ ನಲ್ಲಿ ಬೀಗದ ಪಾಲು.

"ನಿಮ್ಮ ಗುಟ್ಟಿನ ನಲ್ಲಿಗೆ ಬೀಗ ಬಿದ್ರೆ ಅಳೋಕೆ ನೀವೊಬ್ಬರೇ" ಅಂದಳು ನರ್ಸಮ್ಮ. "ನಕ್ಷೇಲಿರೋ ನಲ್ಲಿಗೆ ಬೀಗ ಬಿದ್ರೆ ಯಾಕೆ ಅಂತ ಇಡೀ ವಾರ್ಡು ಕೇಳುತ್ತೆ. ಎಷ್ಟು ಬೀದೀಲಿ ನೀರಿಲ್ಲ ಅಂತ ಕಾಗದದ ಮೇಲೆ ಕಾಣದೇ ಇದ್ರೆ ಹೊಸ ನಲ್ಲಿ ಹಾಕಿ ಅಂತ ನಾನು ಯಾರನ್ನ ಕೇಳಲಿ ಅಕ್ಕಾ?"

ಮೂರು ದಿನ ಅವರವರ ಬೀಟಿನ ಚುಕ್ಕೆಗಳನ್ನು ಅವರವರು ನೋಡಿಕೊಂಡು ಬಂದರು. ಗುರುತು ಹಾಕುವ ಕೆಲಸ ಸೊಸೆಗೆ. ಪೊರಕೆ ಹಿಡಿಯಲಾಗದವಳಿಗೆ ಪೆನ್ನು ಹಿಡಿಸಿದ್ದಳು ನರ್ಸಮ್ಮ. ಹದಿನಾಲ್ಕರಲ್ಲಿ ಐದು ಒಣಗಿ ಬಾಯಿ ತೆರೆದಿದ್ದವು. ಎರಡು ಇರಲೇ ಇಲ್ಲ. ಇನ್ನು ನಾಲ್ಕು ಇದ್ದದ್ದು ದೊಡ್ಡ ದೊಡ್ಡ ಕಟ್ಟಡಗಳ ಒಳಗೆ, ತಣ್ಣಗೆ, ಮೆಷಿನ್ನಿನಲ್ಲಿ. ಆದರೆ ಕಾವಲುಗಾರ ಸಮವಸ್ತ್ರದ ಕೋಟು ನೋಡಿದ ಕೂಡಲೇ ಅಡ್ಡ ಬರುತ್ತಿದ್ದ. ಒಬ್ಬಾಕೆ ಅಲ್ಲಿ ನೀರು ಕೇಳಿದ್ದಕ್ಕೆ, ಒಳಗೆ ಬಂದು ನೆಲ ಒರೆಸಿಕೊಡು ಹಾಗಾದರೆ ಅಂದಿದ್ದರಂತೆ. ಹೇಳುವಾಗ ಅವಳೂ ನಕ್ಕಳು, ಆದರೆ ಬೇರೆ ಯಾರೂ ನಗಲಿಲ್ಲ. ಕೊನೆಗೆ ಎಲ್ಲರಿಗೂ ನೀರು ಕೊಡುವ ಚುಕ್ಕೆ ಉಳಿದದ್ದು ಮೂರು. ಅಷ್ಟು ದೊಡ್ಡ ವಾರ್ಡಿಗೆ.

"ಅತ್ತೆ, ನಿಮ್ಮ ಬೀಟು" ಅಂದಳು ಸೊಸೆ, ಪೆನ್ನೆತ್ತಿ.

ಒಂಟೆಯಕ್ಕನ ಬೀಟಿನಲ್ಲಿ ಕಚೇರಿಯವರ ಚುಕ್ಕೆ ಒಂದೂ ಇರಲಿಲ್ಲ. ಏನಿಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆ ಮಾತು ಬಾಯಿಯವರೆಗೆ ಬಂದಿತ್ತು. ಆದರೆ ಸೊಸೆಯ ಊದಿದ ಬೆರಳುಗಳಲ್ಲಿ ಪೆನ್ನು ನಿಲ್ಲದೆ ಜಾರುತ್ತಿತ್ತು, ಅವಳು ಅದನ್ನು ಮತ್ತೆ ಮತ್ತೆ ಸರಿಮಾಡಿಕೊಳ್ಳುತ್ತಿದ್ದಳು.

"ಲೈಬ್ರರಿ ಹಿಂದೆ ಒಂದಿದೆ."

"ನೀರು ಬರುತ್ತಾ?"

"ಬರುತ್ತೆ."

"ಯಾವ ಹೊತ್ತಿಗೆ?"

"ಯಾವಾಗ ಹೋದ್ರೂ."

"ಕುಡಿಯೋ ನೀರೇ ಅಂತ ಹೇಗೆ ಗೊತ್ತು ಅತ್ತೆ?"

"ಕುಡಿದಿದೀನಿ ಕಣಮ್ಮ. ದಿನಾ."

ಹಾಜರಿ ಪುಸ್ತಕ ತಿರುವುತ್ತಿದ್ದ ಮೇಸ್ತ್ರಿಯ ಕೈ ನಿಂತಿತು. ಸೊಸೆ ನಕ್ಷೆಯ ಮೇಲೆ ತನ್ನ ಬೀದಿ ಹುಡುಕಿದಳು, ಅಲ್ಲಿಂದ ಲೈಬ್ರರಿಗೆ ಬೆರಳಿಟ್ಟು ಅಳೆದಳು. ಒಂದು ಬೆರಳಗಲವೂ ಇರಲಿಲ್ಲ. ಅವಳು ಅಳಲಿಲ್ಲ. ಚುಕ್ಕೆ ಇಟ್ಟಳು. ಪಕ್ಕದಲ್ಲಿ 'ದಿನವಿಡೀ' ಅಂತ ಬರೆದಳು.

ಮನೆಗೆ ಹೋಗುವ ದಾರಿಯುದ್ದಕ್ಕೂ ಅತ್ತೆಯೇ ಮಾತಾಡಿದಳು. ಕಟ್ಟಳೆ ಹೇಳಿದಳು, ಹಳೇ ಬೀಗದ ಕತೆ ಹೇಳಿದಳು, ಹೆಸರು ಬಂದುಬಿಟ್ಟಿತ್ತು, ಉಳಿಸಿಕೊಳ್ಳಬೇಕಾಯಿತು ಅಂದಳು. ಹತ್ತು ಜನರ ಬಾಯಿಗೆ ಬಿದ್ದರೆ ಹೋಯಿತು ಅಂತ ಹೆದರಿದ್ದೆ ಅಂದಳು. ಮನೆ ಮೆಟ್ಟಿಲಲ್ಲಿ ಉಸಿರಿಗಾಗಿ ನಿಂತ ಸೊಸೆ ಮೊದಲ ಸಲ ಬಾಯಿ ತೆರೆದಳು.

"ನಾನೂ ಕುಡಿದಿದ್ರೆ ಇಬ್ಬರಾಗ್ತಿದ್ವಿ ಅತ್ತೆ. ಹತ್ತು ಜನ ಅಲ್ಲ."

ಅತ್ತೆ ಹೆದರಿದ್ದು ಸುಳ್ಳಾಗಲಿಲ್ಲ. ನಕ್ಷೆ ಬೋರ್ಡಿಗೆ ಬಂದ ಒಂಬತ್ತನೇ ದಿನ ಲೈಬ್ರರಿಯ ನಲ್ಲಿಗೆ ಬೀಗ ಬಿತ್ತು. ಆದರೆ ಈ ಸಲ ಗುಡಿಸುವವರೂ, ಪಾರ್ಸಲ್‌ನವರೂ, ಪೇಪರ್ ಓದಲು ಬರುವ ಮುದುಕರೂ ನಕ್ಷೆ ಹಿಡಿದುಕೊಂಡು ಒಟ್ಟಿಗೆ ಕೇಳಲು ಹೋದರು. ಒಂಟೆಯಕ್ಕ ಎಲ್ಲರಿಗಿಂತ ಮುಂದಿದ್ದಳು, ಯಾರನ್ನೂ ಅಣಕಿಸಲಿಲ್ಲ. ನಾಲ್ಕು ದಿನದ ಮೇಲೆ ಬೀಗ ತೆಗೆದರು. ಒಣಗಿದ ಐದರಲ್ಲಿ ಎರಡಕ್ಕೆ ನೀರು ಬಂತು. ಉಳಿದವಕ್ಕೆ ಅರ್ಜಿ ಕೊಟ್ಟಿದ್ದಾರೆ. ಕಟ್ಟಡಗಳ ಕಾವಲುಗಾರರು ಇನ್ನೂ ಅಡ್ಡ ಬರುತ್ತಾರೆ.

ಸೊಸೆ ಮತ್ತೆ ಕೆಲಸಕ್ಕೆ ಹೋಗಲಿಲ್ಲ. ಈಗ ವಾರಕ್ಕೆರಡು ಸಲ ಆಸ್ಪತ್ರೆಯ ರಕ್ತ ಶುದ್ಧ ಮಾಡುವ ಯಂತ್ರದ ಪಕ್ಕ ಮಲಗುತ್ತಾಳೆ. ಒಳಗೆ ಹೋದ ನೀರು ಅವಳ ಮೈಯಿಂದ ಹೊರಗೆ ಹೋಗುವುದಿಲ್ಲ. ಅದಕ್ಕೇ ಡಾಕ್ಟರು ಅಳತೆ ಹಾಕಿದ್ದಾರೆ: ದಿನಕ್ಕೆ ಮೂರು ಲೋಟ, ಮಾತ್ರೆಯದ್ದೂ ಸೇರಿ. ಅಳೆದು ಕೊಡುವ ಕೆಲಸ ಅತ್ತೆಯದು. ಇಲ್ಲ ಅನ್ನಲು ಅವಳ ಗಂಡನಿಗೆ ಮನಸ್ಸು ಬರುವುದಿಲ್ಲ. ಬೇಸಿಗೆ ಮಧ್ಯಾಹ್ನ ಸೊಸೆ ಕೇಳುತ್ತಾಳೆ, "ಇನ್ನೊಂದೇ ಗುಟುಕು ಅತ್ತೆ."

ಒಂಟೆಯಕ್ಕ ಲೋಟವನ್ನು ಬೆನ್ನ ಹಿಂದೆ ಇಟ್ಟುಕೊಂಡು, "ಇಲ್ಲ ಕಣಮ್ಮ" ಅನ್ನುತ್ತಾಳೆ.

ಇದನ್ನು ಓದುತ್ತಿರುವ, ಓದಿಸಿಕೊಂಡು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮಗೆ ಗೊತ್ತಿರುವ ಒಂದು ನಲ್ಲಿ ಇದ್ದೇ ಇರುತ್ತದೆ. ಅದೆಲ್ಲಿದೆ, ಯಾವ ಹೊತ್ತಿಗೆ ನೀರು ಬರುತ್ತದೆ, ಯಾರನ್ನು ಬಿಡುತ್ತಾರೆ, ಯಾರನ್ನು ತಡೆಯುತ್ತಾರೆ, ನಿಮ್ಮ ಆರೋಗ್ಯ ಕೇಂದ್ರದಲ್ಲಿ ಹೇಳಿ ನಕ್ಷೆಗೆ ಸೇರಿಸಿ. ಒಣಗಿದ ನಲ್ಲಿಯನ್ನೂ ಹೇಳಿ, ಅದೂ ಲೆಕ್ಕಕ್ಕೆ ಬರಲಿ. ಅಂಗಡಿ, ಕಚೇರಿ ಇಟ್ಟುಕೊಂಡವರು ಬಾಗಿಲಲ್ಲಿ 'ಇಲ್ಲಿ ಯಾರು ಬೇಕಾದರೂ ಬಾಟಲಿ ತುಂಬಿಸಿಕೊಳ್ಳಬಹುದು' ಅಂತ ಒಂದು ಚೀಟಿ ಅಂಟಿಸಿ. ಬಿಸಿಲಲ್ಲಿ ದುಡಿಯುವವರು ದಾಹ ಕಟ್ಟಿಕೊಂಡು ದುಡಿಯಬೇಡಿ. ಉರಿಮೂತ್ರವಾದರೆ, ಕಾಲು ಊದಿದರೆ ನಾಚಿಕೊಳ್ಳದೆ, ಅಂಗಡಿ ಮಾತ್ರೆ ನುಂಗದೆ ಅಂದೇ ತೋರಿಸಿಕೊಳ್ಳಿ. ನಿಮ್ಮಿಂದ ಮೂರು ನಿಮಿಷದ ದೂರದಲ್ಲಿ ಯಾರೋ ಒಬ್ಬರು ಖಾಲಿ ಬಾಟಲಿ ಹಿಡಿದು ನಿಂತಿದ್ದಾರೆ. ಅವರಿಗೆ ಈ ಹೊತ್ತೇ ಹೇಳಿ.