ರಾಹುಕಾಲಕ್ಕೆ ಮುಂಚೆ

೧೯೬೪ರ ಮಾಘ ಮಾಸ, ಸೋಮವಾರ ಬೆಳಿಗ್ಗೆ. ಬರೋಡಾದ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ನನ್ನ ಕೈಯಲ್ಲಿ ತೀರ್ಥ ತುಂಬಿದ ತಾಮ್ರದ ತಂಬಿಗೆ ಇತ್ತು. ತಮ್ಮ ದಿವಾಕರನಿಗೆ ಕುಡಿಸಲು ತಂದದ್ದು. ಬಾಗಿಲಲ್ಲೇ ಡಾಕ್ಟರು ತಡೆದು, ಅವನು ಆರು ಗಂಟೆಗೆ ತೀರಿಹೋದನೆಂದು ಹೇಳಿದರು.

ದಿವಾಕರ ನನಗಿಂತ ಹದಿನೆಂಟು ವರ್ಷ ಚಿಕ್ಕವನು. ತಾಯಿ ಹೋದ ಮೇಲೆ ನಾನೇ ಬೆಳೆಸಿದೆ. ಶುಕ್ರವಾರ ಅವನಿಗೆ ಹರ್ನಿಯಾ ಆಪರೇಷನ್ ಆಗಿತ್ತು. ಭಾನುವಾರದ ಹೊತ್ತಿಗೆ ಕಿಬ್ಬೊಟ್ಟೆ ಊದಿ ಕಪ್ಪಿಟ್ಟಿತು. ಒತ್ತಿದರೆ ಚರ್ಮದಡಿ ಚರಚರ ಸದ್ದು. ನಾತಕ್ಕೆ ಪಕ್ಕದ ಹಾಸಿಗೆಯವರು ಎದ್ದು ಹೋದರು. ಮಂಚದ ಕಬ್ಬಿಣ ಹಿಡಿದು, "ಅಣ್ಣಾ, ಇದನ್ನ ಕೊಯ್ದು ಬಿಸಾಡಿಸು" ಎಂದು ಕಿರುಚಿದ. ಡಾಕ್ಟರು ಮತ್ತೆ ಕೊಯ್ದರು. ಗಾಯದಿಂದ ನೊರೆ ಬಂತು.

"ಶುಕ್ರವಾರ ಬೆಳಿಗ್ಗೆ, ನಿಮ್ಮ ತಮ್ಮನಿಗಿಂತ ಮುಂಚೆ, ಒಬ್ಬ ಮಿಲ್ಲಿನವನ ಕೊಳೆತ ಕಾಲು ತೆಗೆದಿದ್ದೆವು" ಎಂದರು ಡಾಕ್ಟರು. "ಅದೇ ಚಾಕು, ಅದೇ ಇಕ್ಕಳ. ಅರ್ಧ ಗಂಟೆ ಹಬೆಯಲ್ಲಿ ಇಡಬೇಕಿತ್ತು. ಸಲಕರಣೆ ನೋಡಿಕೊಳ್ಳುವ ನಮ್ಮ ಆಳು ಮಗನಭಾಯಿ ಹತ್ತೇ ನಿಮಿಷಕ್ಕೆ ತೆಗೆದ. ವಿಷಕ್ರಿಮಿ ಸಾಯಲಿಲ್ಲ."

ಒಳಗಿನ ಕೋಣೆಯಲ್ಲಿ ಮಗನಭಾಯಿ ಕತ್ತರಿಗಳನ್ನು ತೊಳೆಯುತ್ತಿದ್ದ. ತಂಬಿಗೆಯಿಂದ ಅವನ ಬಾಯಿಗೆ ಹೊಡೆದೆ. ತೀರ್ಥವೂ ರಕ್ತವೂ ಒಟ್ಟಿಗೇ ಗೋಡೆಗೆ ಸಿಡಿದವು. ಅವನು ಬಿದ್ದ. ಎದೆಯ ಮೇಲೆ ಮಂಡಿಯೂರಿ ಮತ್ತೆ ಹೊಡೆದೆ. ಎರಡು ಹಲ್ಲು ಕಳಚಿದವು.

"ಕಾಕಾ" ಎಂದ, ರಕ್ತ ಉಗುಳುತ್ತ. "ಶುಕ್ರವಾರ ಈ ಬಾಗಿಲಲ್ಲಿ ಗಡಿಯಾರ ಹಿಡಿದು ನಿಂತು ಅವಸರ ಮಾಡಿದ್ದು ಯಾರು?"

ನಾನೇ ನಿಂತಿದ್ದೆ. ಹತ್ತೂವರೆಗೆ ರಾಹುಕಾಲ ಹುಟ್ಟುತ್ತಿತ್ತು. ಅದಕ್ಕೆ ಮುಂಚೆ ಚಾಕು ಮುಟ್ಟಬೇಕೆಂದು ನನ್ನ ಹಟ. ಹಬೆಯ ಪಾತ್ರೆಗೆ ಸಲಕರಣೆ ಹಾಕಿದಾಗ ಹತ್ತೂ ಹತ್ತು ಆಗಿತ್ತು.

ಮಗನಭಾಯಿ ಆಗ ನಕ್ಕಿದ್ದ. "ಹನ್ನೆರಡಕ್ಕೆ ನಮ್ಮ ಗುಜರಾತಿ ಪಂಚಾಂಗದ ಒಳ್ಳೆ ಮುಹೂರ್ತ, ಶುಭ ಚೋಘಡಿಯಾ ಶುರು, ಕಾಕಾ. ಅಷ್ಟೊತ್ತಿಗೆ ನಿಮ್ಮ ರಾಹುವೂ ಊಟಕ್ಕೆ ಹೋಗಿರ್ತಾನೆ. ಆಗ ಮಾಡಿಸಿ."

"ಆಗ ನಿಮ್ಮ ಡಾಕ್ಟರು ಸೂರತ್ ರೈಲಿನಲ್ಲಿರ್ತಾರೆ" ಎಂದು ಹೇಳಿ, ಹೋಗಿ ಡಾಕ್ಟರ ಕಾಲು ಹಿಡಿದೆ. ಮಗನಭಾಯಿ, "ಸಾಹೇಬ್, ಇನ್ನೂ ಇಪ್ಪತ್ತು ನಿಮಿಷ ಬೇಕು" ಎಂದ. ಡಾಕ್ಟರು ಕೈಗಡಿಯಾರ ನೋಡಿ, "ಸಾಕು, ತಾ" ಎಂದರು. ಹತ್ತೂ ಇಪ್ಪತ್ತೈದಕ್ಕೆ ದಿವಾಕರನ ಮೈಗೆ ಚಾಕು ತಾಗಿತು. ನಾನು ಹೊರಗೆ ಕುಳಿತು ದೇವರಿಗೆ ಕೈ ಮುಗಿದೆ.

ಮಗನಭಾಯಿ ಹೇಳಿದ್ದು ನಿಜ. ನಿಜವಾದ್ದರಿಂದಲೇ ಮೂರನೆಯ ಸಲ ಹೊಡೆದೆ. ಹುಬ್ಬು ಸೀಳಿತು. ತಮ್ಮನ ಹೆಂಡತಿ ಸುಮಿತ್ರಾ ಓಡಿಬಂದು ನನ್ನ ತೋಳಿಗೆ ಜೋತುಬಿದ್ದು ತಂಬಿಗೆ ಕಿತ್ತುಕೊಂಡಳು. ಬಾಗಿಲಲ್ಲಿ ನಿಂತು ಅವಳು ಎಲ್ಲ ಕೇಳಿದ್ದಳು.

"ಅವನು ಹೇಳಿದ್ದು ಹೌದಾ, ಭಾವಾ?"

"ಹೌದಮ್ಮ."

ಅವಳು ಅಳಲಿಲ್ಲ. ಸೆರಗು ಹರಿದು ಮಗನಭಾಯಿಯ ಹಣೆಗೆ ಒತ್ತಿಹಿಡಿದಳು. ಆಮೇಲೆ, ನನ್ನ ಕಡೆ ನೋಡದೆ, "ನಮ್ಮವರ ಮೈ ನೀವು ಮುಟ್ಟಬೇಡಿ, ಕೊಳ್ಳಿಯನ್ನೂ ಇಡಬೇಡಿ" ಎಂದಳು.

ಅಷ್ಟರಲ್ಲಿ ಡಾಕ್ಟರು ಬಂದು, ಮಗನಭಾಯಿಗೆ ನಾಳೆಯಿಂದ ಕೆಲಸವಿಲ್ಲವೆಂದರು.

"ಅವಸರ ಮಾಡಿದವನು ನಾನು, ಒಪ್ಪಿದವರು ನೀವು" ಎಂದೆ. "ಇವನೊಬ್ಬನೇ ಬೇಡ ಅಂದದ್ದು. ಎಲ್ಲಿ ಬೇಕಾದರೂ ಹೇಳುತ್ತೇನೆ, ಪೊಲೀಸರನ್ನು ಕರೆಸಿ."

ಡಾಕ್ಟರು ಪೊಲೀಸರನ್ನು ಕರೆಸಲಿಲ್ಲ. ಮಗನಭಾಯಿಯ ಕೆಲಸ ಉಳಿಯಿತು.

ಸಂಜೆ ವಿಶ್ವಾಮಿತ್ರಿ ನದಿಯ ದಂಡೆಯಲ್ಲಿ ದಾಯಾದಿ ಸದಾಶಿವ ಕೊಳ್ಳಿ ಇಟ್ಟ. ಸುಮಿತ್ರಾಳ ಮಾತಿನಂತೆ ನಾನು ದೂರ ನಿಂತೆ. ಬೆರಳ ಸಂದಿನಲ್ಲಿ ಮಗನಭಾಯಿಯ ರಕ್ತ ಒಣಗಿತ್ತು. ಆ ಕೈಗಳನ್ನೇ ಜೋಡಿಸಿದೆ.

ನಾರಾಯಣಾ, ಹೊತ್ತುಗೊತ್ತು ನೋಡದೆ ಅವನನ್ನು ನಿನ್ನ ಬಳಿ ಸೇರಿಸಿಕೋ. ಮಂಚದ ಕಬ್ಬಿಣ ಹಿಡಿದಿದ್ದ ಆ ಮುಷ್ಟಿ ಇನ್ನಾದರೂ ಸಡಿಲಲಿ. ಉರಿ ನನಗಿರಲಿ. ನನ್ನ ದಿವಾಕರನಿಗೆ ಶಾಂತಿ ಕೊಡು.